ಬೆಕ್ಕಿಗೆ ಶುಗರ್ ಬಂದರೆ ಯಾವ ಡಬ್ಬಿ, ಯಾವ ಪೌಚ್?

ಬೆಕ್ಕಿಗೂ ಶುಗರ್ ಬರುತ್ತದೆ. ಮನುಷ್ಯರ ಟೈಪ್ 2 ಶುಗರ್‌ಗೆ ತುಂಬಾ ಹತ್ತಿರದ ಕಾಯಿಲೆ ಇದು. ಜಾಸ್ತಿ ಬರೋದು ನಡುವಯಸ್ಸು ದಾಟಿದ, ಮೈ ಬಂದಿರುವ, ಮನೆ ಬಿಟ್ಟು ಹೊರಗೆ ಹೋಗದ ಗಂಡು ಬೆಕ್ಕುಗಳಿಗೆ. ನೀರು ಮೊದಲಿಗಿಂತ ಜಾಸ್ತಿ ಕುಡಿಯುತ್ತದೆ, ಉಚ್ಚೆ ಜಾಸ್ತಿ ಹೊಯ್ಯುತ್ತದೆ, ಚೆನ್ನಾಗಿ ತಿಂದರೂ ಸೊರಗುತ್ತದೆ. ಮರಳಿನ ಟ್ರೇಗೆ ಇರುವೆ ಮುತ್ತುವುದೂ ಉಂಟು. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ನಡೆಯುತ್ತವೆ. ನಿನ್ನೆವರೆಗೆ ಹಾರಿ ಹತ್ತುತ್ತಿದ್ದ ಕಟ್ಟೆಯ ಮುಂದೆ ಸುಮ್ನೆ ನಿಂತು ನೋಡುತ್ತವೆ.

ಕಾಯಿಲೆ ಬೇಗ ಗೊತ್ತಾಗಿ, ಇನ್ಸುಲಿನ್ ಜೊತೆಗೆ ಕಾರ್ಬ್ (ಅಂದರೆ ಹಿಟ್ಟು, ಸಕ್ಕರೆಯ ಅಂಶ) ಕಡಿಮೆ ಇರುವ ಆಹಾರ ಸಿಕ್ಕರೆ ಎಷ್ಟೋ ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ ಬೇಕೇ ಆಗುವುದಿಲ್ಲ. ಎಲ್ಲಾ ಬೆಕ್ಕುಗಳಿಗೂ ಹೀಗೆ ಆಗದು. ಆದರೆ ಇದರಲ್ಲಿ ಅರ್ಧ ಕೆಲಸ ನಮ್ಮ ಕೈಯಲ್ಲೇ ಇದೆ, ಅದು ಬಟ್ಟಲಿಗೆ ಏನು ಹಾಕುತ್ತೇವೆ ಅನ್ನೋದು. ಕಲಬುರಗಿಯಲ್ಲಿ ಈಗ ಪೆಟ್ ಶಾಪ್‌ಗಳಿಗೆ ಕೊರತೆ ಇಲ್ಲ, ಬಣ್ಣಬಣ್ಣದ ಪೌಚ್‌ಗಳೂ ಸಾಲಾಗಿ ತೂಗುತ್ತವೆ. ಅವುಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅನ್ನೋದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ಡಾಕ್ಟರ್, ಆಮೇಲೆ ಅಂಗಡಿ

ಈ ಹೆಜ್ಜೆಯನ್ನು ದಯವಿಟ್ಟು ದಾಟಿ ಹೋಗಬೇಡಿ. ಬೆಕ್ಕಿಗೆ ಈಗಾಗಲೇ ಇನ್ಸುಲಿನ್ ಶುರುವಾಗಿದ್ದರೆ, ಡಾಕ್ಟರ್‌ಗೆ ಹೇಳದೆ ಆಹಾರ ಬದಲಿಸುವುದು ಅಪಾಯ. ಒಣ ಕಾಳು (ಪ್ಯಾಕೆಟ್‌ನಲ್ಲಿ ಕಾಳಿನಂತೆ ಬರುವ ಒಣ ಕ್ಯಾಟ್ ಫುಡ್) ತಿನ್ನುವ ಬೆಕ್ಕಿಗೆ ಅಂತ ಲೆಕ್ಕ ಹಾಕಿದ ಡೋಸ್ ಅದು. ಕಾರ್ಬ್ ಇಲ್ಲದ ಆಹಾರ ಹಾಕಿ ಅದೇ ಡೋಸ್ ಚುಚ್ಚಿದರೆ ಶುಗರ್ ತೀರಾ ಕೆಳಗೆ ಬಿದ್ದು ಜೀವಕ್ಕೇ ಕುತ್ತು ಬರಬಹುದು. ಆಹಾರ ಬದಲಾಗುವ ದಿನಗಳಲ್ಲಿ ಡೋಸ್ ಇಳಿಸಬೇಕಾಗಿ ಬರುವುದು ಮಾಮೂಲಿ. ಎಷ್ಟು ಇಳಿಸಬೇಕು, ಯಾವಾಗ ಅನ್ನೋದನ್ನು ಡಾಕ್ಟರೇ ಹೇಳಬೇಕು.

ಶುಗರ್ ಕುಸಿದಾಗ ಬೆಕ್ಕು ಮಂಕಾಗುತ್ತದೆ, ತೂರಾಡುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ. ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಎಚ್ಚರ ಇದ್ದರೆ ತಕ್ಷಣ ಏನಾದರೂ ತಿನ್ನಿಸಿ. ತಿನ್ನದಿದ್ದರೆ ಬೆರಳಿಗೆ ಜೇನುತುಪ್ಪವನ್ನೋ ನೀರಲ್ಲಿ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿಯನ್ನೋ ತೆಗೆದುಕೊಂಡು ಒಸಡಿಗೆ ಸವರಿ, ಹಾಗೇ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕ್ಕೆ ಹೋಗಿಬಿಡುತ್ತದೆ. ಗ್ಲೂಕೋಸ್ ಪುಡಿಯ ಡಬ್ಬಿ ಕೈಗೆ ಸಿಗುವ ಕಡೆ ಇರಲಿ, ಮನೆಯವರಿಗೆಲ್ಲ ಗೊತ್ತಿರಲಿ.

ಇನ್ನೊಂದು ಮಾತು. ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಶುಗರ್ ಇದ್ದು, ಅವರ ಇನ್ಸುಲಿನ್, ಸಿರಿಂಜ್ ಫ್ರಿಜ್‌ನಲ್ಲಿ ಇದ್ದೇ ಇರುತ್ತದೆ. ಅದನ್ನು ಬೆಕ್ಕಿಗೆ ಬಳಸಬೇಡಿ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ನ ಇನ್ಸುಲಿನ್ನೂ ಇದೆ, 100 ಯೂನಿಟ್‌ನದ್ದೂ ಇದೆ. ಸಿರಿಂಜ್‌ಗಳೂ ಬೇರೆ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚಾಗಬಹುದು, ಅಥವಾ ಅರ್ಧಕ್ಕಿಂತ ಕಡಿಮೆ ಆಗಬಹುದು. ಡಾಕ್ಟರ್ ಬರೆದುಕೊಟ್ಟ ಇನ್ಸುಲಿನ್‌ಗೆ ಯಾವ ಸಿರಿಂಜ್ ಅಂತ ಮೆಡಿಕಲ್ ಶಾಪ್‌ನಲ್ಲಿ ನಿಂತೇ ಖಾತ್ರಿ ಮಾಡಿಕೊಳ್ಳಿ.

ಡಾಕ್ಟರ್ ಹತ್ತಿರ ಹೋದಾಗ ಒಂದೇ ಸಲದ ರಕ್ತದ ಶುಗರ್ ನೋಡಿ ತೀರ್ಮಾನಕ್ಕೆ ಬರಬೇಡಿ. ಆಟೋ ಸದ್ದಿಗೆ, ನಾಯಿ ಬೊಗಳಿದ್ದಕ್ಕೆ ಹೆದರಿದರೂ ಬೆಕ್ಕಿನ ಶುಗರ್ ಏರುತ್ತದೆ. ಹಿಂದಿನ ಒಂದೆರಡು ವಾರದ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಅನ್ನೋ ಟೆಸ್ಟ್ ಇದೆ, ಅದರ ಬಗ್ಗೆ ಕೇಳಿ. ಕಿಡ್ನಿಯ ಟೆಸ್ಟ್ ಕೂಡ ಆಗಲೇ ಮಾಡಿಸಿ, ಆಹಾರ ಆರಿಸುವಾಗ ಅದು ಬೇಕಾಗುತ್ತದೆ. ದೊಡ್ಡ ತಪಾಸಣೆ ಬೇಕು ಅನ್ನಿಸಿದರೆ ನಮ್ಮ ಭಾಗಕ್ಕೆ ಬೀದರ್ ಇದೆ. ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ವೆಟರ್ನರಿ ಕಾಲೇಜೂ ಇದೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಹೋಗಿ ಬರೋದೂ ಸುಲಭ ಆಗಿದೆ. ಬೇಸಿಗೆಯಲ್ಲಿ ಹೊರಡುವುದಾದರೆ ಬೆಳಗಿನ ಹೊತ್ತೇ ಹೊರಡಿ, ಬೆಕ್ಕಿನ ಬುಟ್ಟಿಗೆ ಗಾಳಿ ಆಡುವಂತಿರಲಿ.

ಒಣ ಕಾಳು, ರೊಟ್ಟಿ, ಹಾಲು: ಇವು ಯಾಕೆ ಬೇಡ

ಬೆಕ್ಕು ಪೂರ್ತಿ ಮಾಂಸಾಹಾರಿ ಪ್ರಾಣಿ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಸಿಗುವುದು ಪ್ರೋಟೀನ್, ಕೊಬ್ಬು ಮತ್ತು ನೀರು. ಕಾರ್ಬ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಣ ಕಾಳನ್ನು ಯಂತ್ರದಲ್ಲಿ ಗುಂಡು ಗುಂಡಾಗಿ ಅಚ್ಚು ಹಾಕೋಕೆ ಹಿಟ್ಟು ಬೇಕೇ ಬೇಕು. ಹಾಗಾಗಿ ಎಷ್ಟು ದುಬಾರಿ ಕಾಳು ಕೊಂಡರೂ ಅದರಲ್ಲಿ ಗೋಧಿಯೋ, ಮೆಕ್ಕೆಜೋಳವೋ, ಅಕ್ಕಿಯೋ, ಬಟಾಣಿಯೋ ಇದ್ದೇ ಇರುತ್ತದೆ.

ನಮ್ಮ ಓಣಿಗಳಲ್ಲಿ ಬೆಕ್ಕಿನ ಊಟ ಅಂದರೆ ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ. "ಅಕ್ಕಾ, ನಮ್ ಬೆಕ್ಕು ರೊಟ್ಟಿ ಹಾಲು ಬಿಟ್ರ ಬ್ಯಾರೆ ಏನೂ ಮುಟ್ಟಂಗಿಲ್ರೀ" ಅಂತ ಹೇಳುವವರು ಎಷ್ಟೋ ಜನ. ಪ್ರೀತಿಯಿಂದಲೇ ಹಾಕುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ರೊಟ್ಟಿಯಲ್ಲಿ ಹೆಚ್ಚಿನ ಪಾಲು ಕಾರ್ಬ್, ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನೋ ಸಕ್ಕರೆ ಇದೆ. ಶುಗರ್ ಇರುವ ಬೆಕ್ಕಿಗೆ ಎರಡೂ ಬೇಡ. ಮೊಸರನ್ನವೂ ಬೇಡ, ಬಿಸ್ಕತ್ತೂ ಬೇಡ.

ಮನೆಯಲ್ಲಿ ಮಾಂಸ ತರೋದಿಲ್ಲ ಅನ್ನುವವರಿಗೆ ಇದು ಕಷ್ಟದ ಮಾತು ಅಂತ ನನಗೆ ಗೊತ್ತು. ಬೆಕ್ಕಿಗೆ ಟಾರಿನ್ ಅನ್ನೋ ಅಂಶ ಬೇಕೇ ಬೇಕು, ಸಹಜವಾಗಿ ಅದು ಸಿಗೋದು ಮಾಂಸ, ಮೀನಿನಲ್ಲಿ. ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಇಂಥ ಮನೆಗಳಿಗೆ ಪೌಚ್ ದೊಡ್ಡ ಅನುಕೂಲ. ಅಡುಗೆ ಮನೆಗೆ ಏನೂ ತರಬೇಕಿಲ್ಲ. ಬೆಕ್ಕಿಗೆ ಅಂತಲೇ ಒಂದು ಬಟ್ಟಲು, ಒಂದು ಚಮಚ ಇಟ್ಟು, ಹಿತ್ತಲಲ್ಲೋ ಬಾಲ್ಕನಿಯಲ್ಲೋ ಕತ್ತರಿಸಿ ಹಾಕಿದರೆ ಆಯಿತು. ಫ್ರಿಜ್‌ನಲ್ಲಿ ಇಡೋದಕ್ಕೆ ಹಿರಿಯರು ಒಪ್ಪದಿದ್ದರೆ 400 ಗ್ರಾಂ ಟಿನ್ ತರಬೇಡಿ. ಒಂದೇ ಹೊತ್ತಿಗೆ ಮುಗಿಯುವ 70–85 ಗ್ರಾಂ ಪೌಚ್ ತನ್ನಿ.

ಲೇಬಲ್ ಹಿಂದಿನ ಲೆಕ್ಕ

ಪೌಚ್‌ನ ಮುಂಭಾಗದಲ್ಲಿ ಮೀನಿನ ಚಿತ್ರ, ಹೊಳೆಯುವ ಬೆಕ್ಕು ಎಲ್ಲ ಇರುತ್ತದೆ. ಅದನ್ನು ಬಿಟ್ಟು ಹಿಂದೆ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಕ್ರೂಡ್ ಪ್ರೋಟೀನ್, ಕ್ರೂಡ್ ಫ್ಯಾಟ್, ಕ್ರೂಡ್ ಫೈಬರ್ (ನಾರು), ಮಾಯಿಶ್ಚರ್ (ನೀರು) ಅಂತ ಅಂಕಿ ಕೊಟ್ಟಿರುತ್ತಾರೆ. ಕೆಲವರು ಆ್ಯಶ್ (ಖನಿಜಾಂಶ) ಕೂಡ ಕೊಡುತ್ತಾರೆ. ಕಾರ್ಬ್ ಎಷ್ಟು ಅಂತ ಮಾತ್ರ ಬಹುತೇಕ ಯಾರೂ ಬರೆಯುವುದಿಲ್ಲ. ಅದನ್ನು ನಾವೇ ತೆಗೆಯಬೇಕು. ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು.

ಈ ಐದನ್ನೂ ಕೂಡಿಸಿ 100ರಿಂದ ಕಳೆಯಿರಿ. ಉಳಿದದ್ದು ಕಾರ್ಬ್. ಆ್ಯಶ್ ಕೊಟ್ಟಿಲ್ಲದಿದ್ದರೆ ವೆಟ್ ಫುಡ್‌ಗೆ (ಪೌಚ್, ಟಿನ್‌ನಲ್ಲಿ ಬರುವ ಒದ್ದೆ ಆಹಾರಕ್ಕೆ) 2ರಿಂದ 2.5 ಅಂತ ಹಿಡಿಯಿರಿ.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಎಲ್ಲರೂ ಎಡವೋದು ಇಲ್ಲೇ. ವೆಟ್ ಫುಡ್‌ನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಹಾಗಾಗಿ ಕಾರ್ಬ್ ಬರೀ 3 ಅಂತ ಬಂದರೂ ಅದು ಕಡಿಮೆ ಅಂತ ಅರ್ಥ ಅಲ್ಲ. ನೋಡಬೇಕಾದದ್ದು ಬೆಕ್ಕಿಗೆ ಸಿಗುವ ಕ್ಯಾಲೊರಿಯಲ್ಲಿ ಕಾರ್ಬ್‌ನ ಪಾಲು ಎಷ್ಟು ಅನ್ನೋದು. ಪ್ರೋಟೀನ್ ಅಂಕಿಯನ್ನು 3.5ರಿಂದ ಗುಣಿಸಿ, ಕೊಬ್ಬನ್ನು 8.5ರಿಂದ, ಕಾರ್ಬನ್ನು 3.5ರಿಂದ. ಮೂರನ್ನೂ ಕೂಡಿಸಿದರೆ 100 ಗ್ರಾಂ ಆಹಾರದ ಕ್ಯಾಲೊರಿ ಸಿಗುತ್ತದೆ. ಅದರಲ್ಲಿ ಕಾರ್ಬ್‌ನಿಂದ ಬಂದದ್ದು ಶೇಕಡಾ ಎಷ್ಟು ಅಂತ ತೆಗೆಯಿರಿ. 10ರ ಒಳಗಿದ್ದರೆ ಒಳ್ಳೆಯದು. 12ರವರೆಗೂ ನಡೆಯುತ್ತದೆ. ಅದಕ್ಕಿಂತ ಮೇಲಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಉದಾಹರಣೆಗೆ ಒಂದು ಮೂಸ್ (ನುಣ್ಣಗೆ ಮುದ್ದೆಯಂತೆ ಇರುವ ಬಗೆ) ಟಿನ್ ತೆಗೆದುಕೊಳ್ಳಿ. ಪ್ರೋಟೀನ್ 11, ಕೊಬ್ಬು 5, ಫೈಬರ್ 0.5, ನೀರು 80, ಆ್ಯಶ್ 2.5. ಕೂಡಿಸಿದರೆ 99, ಕಾರ್ಬ್ 1. ಕ್ಯಾಲೊರಿ ಲೆಕ್ಕ: ಪ್ರೋಟೀನ್‌ನಿಂದ 38.5, ಕೊಬ್ಬಿನಿಂದ 42.5, ಕಾರ್ಬ್‌ನಿಂದ 3.5, ಒಟ್ಟು 84.5. ಕಾರ್ಬ್ ಪಾಲು ಶೇಕಡಾ 4. ಇದನ್ನು ಧಾರಾಳವಾಗಿ ತರಬಹುದು.

ಪಕ್ಕದಲ್ಲೇ ಒಂದು ಗ್ರೇವಿ ಪೌಚ್. ಪ್ರೋಟೀನ್ 8, ಕೊಬ್ಬು 2.5, ಫೈಬರ್ 1, ನೀರು 83, ಆ್ಯಶ್ 2. ಕೂಡಿಸಿದರೆ 96.5, ಕಾರ್ಬ್ 3.5. ಕ್ಯಾಲೊರಿ 28, 21.25, 12.25, ಒಟ್ಟು 61.5. ಕಾರ್ಬ್ ಪಾಲು ಸುಮಾರು ಶೇಕಡಾ 20! ಎರಡಕ್ಕೂ ಇರುವ ವ್ಯತ್ಯಾಸ 100 ಗ್ರಾಂಗೆ ಬರೀ ಎರಡೂವರೆ ಗ್ರಾಂ ಕಾರ್ಬ್. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಐದು ಪಟ್ಟು.

ಒಣ ಕಾಳಿಗೂ ಇದೇ ಲೆಕ್ಕ ಹಾಕಿ ನೋಡಿ. ಪ್ರೋಟೀನ್ 32, ಕೊಬ್ಬು 10, ಫೈಬರ್ 5, ನೀರು 10, ಆ್ಯಶ್ 8 ಇರುವ ಕಾಳಿನಲ್ಲಿ ಕಾರ್ಬ್ 35, ಕ್ಯಾಲೊರಿಯ ಪಾಲು ಶೇಕಡಾ 38.

ಲೇಬಲ್‌ನ ಅಂಕಿಗಳ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಅಂತ ಇರುತ್ತದೆ, ಗಮನಿಸಿ. ಪ್ರೋಟೀನ್ ಕನಿಷ್ಠ 8 ಅಂದರೆ ನಿಜವಾಗಿ 9 ಇರಬಹುದು. ನೀರು ಗರಿಷ್ಠ 85 ಅಂದರೆ 82 ಇರಬಹುದು. ಹಾಗಾಗಿ ನಮ್ಮ ಲೆಕ್ಕ ಅಂದಾಜಿನದ್ದು. ಕೆಲವು ಸಲ ಕೂಡಿಸಿದರೆ 100 ದಾಟಿಯೂ ಹೋಗುತ್ತದೆ. ಆಗ "ಕಾರ್ಬ್ ಇಲ್ಲವೇ ಇಲ್ಲ" ಅಂತ ಖುಷಿ ಪಡಬೇಡಿ, ಆ ಲೇಬಲ್‌ನಿಂದ ಏನೂ ಗೊತ್ತಾಗುವುದಿಲ್ಲ ಅಂತಷ್ಟೇ ಅರ್ಥ. ಪೌಚ್ ಮೇಲಿರುವ ಕಸ್ಟಮರ್ ಕೇರ್ ಇಮೇಲ್‌ಗೆ ಬರೆದು, ಟಿಪಿಕಲ್ ಅನಾಲಿಸಿಸ್ (ಕನಿಷ್ಠ, ಗರಿಷ್ಠ ಅಲ್ಲದ ಸರಾಸರಿ ಅಂಕಿ) ಕೊಡಿ ಅಂತ ಕೇಳಿ. ಕೊಡುವ ಕಂಪನಿಯ ಆಹಾರವನ್ನೇ ಕೊಳ್ಳೋದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಏನೇನು ಹಾಕಿದ್ದಾರೆ ಅಂತ ಓದಿ

ಲೆಕ್ಕ ಸರಿ ಬಂದ ಮೇಲೆ ಇಂಗ್ರೀಡಿಯೆಂಟ್ಸ್ ಪಟ್ಟಿ ನೋಡಿ. ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೊದಲ ಹೆಸರುಗಳು ಚಿಕನ್, ಟ್ಯೂನಾ, ಲಿವರ್ ಹೀಗೆ ಇರಬೇಕು. ವೀಟ್ ಫ್ಲೋರ್, ಕಾರ್ನ್ ಸ್ಟಾರ್ಚ್, ಟ್ಯಾಪಿಯೋಕಾ, ಮಾಡಿಫೈಡ್ ಸ್ಟಾರ್ಚ್, ರೈಸ್, ಶುಗರ್ ಇವು ಕಂಡರೆ ಹುಷಾರು. ಗೋಧಿಯ ಹೆಸರು ಕಂಡ ಕೂಡಲೇ ಎಸೆಯಬೇಕಿಲ್ಲ. ವೀಟ್ ಗ್ಲೂಟೆನ್ ಅನ್ನೋದು ಪ್ರೋಟೀನ್, ಹಿಟ್ಟಲ್ಲ.

ಗ್ರೇವಿ ಗಟ್ಟಿಯಾಗಿ ಹೊಳೆಯೋದಕ್ಕೆ ಸಾಮಾನ್ಯವಾಗಿ ಸ್ಟಾರ್ಚ್ ಕಾರಣ, ನಾವು ಸಾರು ಗಟ್ಟಿ ಮಾಡೋಕೆ ಹಿಟ್ಟು ಕದಡಿ ಹಾಕುವ ಹಾಗೆ. ಜೆಲ್ಲಿಯನ್ನು ಸಾಮಾನ್ಯವಾಗಿ ಗಮ್ ಹಾಕಿ ಮಾಡುತ್ತಾರೆ, ಅದರಲ್ಲಿ ಕಾರ್ಬ್ ಕಡಿಮೆ. ನುಣ್ಣಗೆ ಮುದ್ದೆಯಂತೆ ಇರುವ ಮೂಸ್, ಲೋಫ್, ಪಾಟೆ ಬಗೆಗಳು ಹೆಚ್ಚಾಗಿ ಎಲ್ಲಕ್ಕಿಂತ ಒಳ್ಳೆಯವು. ಅಂಗಡಿಯಲ್ಲಿ ಲೆಕ್ಕ ಹಾಕೋಕೆ ಪುರುಸೊತ್ತಿಲ್ಲ ಅಂದರೆ ಗ್ರೇವಿ ಬಿಟ್ಟು ಮೂಸ್ ಅಥವಾ ಜೆಲ್ಲಿ ಎತ್ತಿಕೊಳ್ಳಿ, ಮನೆಗೆ ಬಂದು ಲೆಕ್ಕ ಹಾಕಿ. ಮರಿಗಳ ಪೌಚ್‌ನಲ್ಲಿ ಪ್ರೋಟೀನ್, ಕೊಬ್ಬು ಜಾಸ್ತಿ ಇರುತ್ತದೆ. ಶುಗರ್‌ನಿಂದ ಸೊರಗಿದ ದೊಡ್ಡ ಬೆಕ್ಕಿಗೂ ಅದು ಹೊಂದಬಹುದು.

ಗ್ರೇನ್ ಫ್ರೀ ಅನ್ನೋ ಮಾತಿಗೆ ಮರುಳಾಗಬೇಡಿ. ಧಾನ್ಯದ ಬದಲು ಆಲೂಗಡ್ಡೆ, ಬಟಾಣಿ ಹಾಕಿರುತ್ತಾರೆ, ಕಾರ್ಬ್ ಕಡಿಮೆ ಇರಲೇಬೇಕು ಅಂತಿಲ್ಲ.

ಇನ್ನು ಕಂಪ್ಲೀಟ್ ಅಂತ ಬರೆದಿದೆಯಾ ನೋಡಿ. ಕಂಪ್ಲಿಮೆಂಟರಿ ಅಂತ ಇದ್ದರೆ ಅದು ಮೇಲೋಗರ ಮಾತ್ರ, ದಿನದ ಊಟ ಅಲ್ಲ. ಟ್ಯೂನಾ ಎಳೆಎಳೆಯಾಗಿ ಕಾಣುವ ಚಂದದ ಟಿನ್‌ಗಳು, ನೆಕ್ಕಿಸುವ ಕ್ರೀಮ್ ಕಡ್ಡಿಗಳು ಹೆಚ್ಚಾಗಿ ಈ ಸಾಲಿಗೆ ಸೇರಿದವು. ಎರಡು ಪದ ನೋಡೋಕೆ ಒಂದೇ ಥರ ಇವೆ, ನಿಧಾನಕ್ಕೆ ಓದಿ. ಮನುಷ್ಯರಿಗೆ ಅಂತ ಮಾರುವ ಉಪ್ಪುನೀರಿನ ಟ್ಯೂನಾ ಟಿನ್ ಬೇಡ.

ಡಾಕ್ಟರ್ ಬರೆದುಕೊಡುವ ಡಯಾಬಿಟಿಕ್ ಆಹಾರಗಳೂ ಇವೆ. ಅವುಗಳಲ್ಲಿ ವೆಟ್ ಬಗೆ ಸಿಕ್ಕರೆ ಒಳ್ಳೆಯದೇ. ಒಣ ಬಗೆಯ ಡಯಾಬಿಟಿಕ್ ಕಾಳಿನಲ್ಲಿ ಮಾಮೂಲಿ ಕಾಳಿಗಿಂತ ಕಾರ್ಬ್ ಕಡಿಮೆ ನಿಜ, ಆದರೆ ಒಂದು ಒಳ್ಳೆಯ ಮೂಸ್ ಟಿನ್‌ಗಿಂತ ಜಾಸ್ತಿಯೇ ಇರುತ್ತದೆ. ಬೆಕ್ಕು ವೆಟ್ ಫುಡ್ ಮುಟ್ಟೋದೇ ಇಲ್ಲ ಅಂತಾದರೆ ಆ ಕಾಳು ಕೈಹಿಡಿಯುತ್ತದೆ.

ಕಿಡ್ನಿಯೂ ಸೋತಿದೆ ಅಂತ ಟೆಸ್ಟ್‌ನಲ್ಲಿ ಬಂದಿದ್ದರೆ ಮೇಲಿನ ಲೆಕ್ಕವನ್ನು ಪಕ್ಕಕ್ಕಿಡಿ. ಕಿಡ್ನಿಗೆ ಫಾಸ್ಫರಸ್ ಕಡಿಮೆ ಬೇಕು, ಆ ಆಹಾರಗಳಲ್ಲಿ ಕಾರ್ಬ್ ಜಾಸ್ತಿ ಇರುತ್ತದೆ. ಯಾವುದಕ್ಕೆ ಮೊದಲ ಮಣೆ ಅಂತ ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿ.

ಎಷ್ಟು ಹಾಕಬೇಕು

4 ಕಿಲೋ ತೂಕದ, ಮನೆಯಲ್ಲೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಮೇಲೆ ಹೇಳಿದ ಮೂಸ್ ಆದರೆ 240 ಗ್ರಾಂ ಹತ್ತಿರ, ಅಂದರೆ 85 ಗ್ರಾಂನ ಮೂರು. ಆ ಗ್ರೇವಿ ಆದರೆ ನಾಲ್ಕು ಪೌಚ್ ಹಿಡಿಯುತ್ತದೆ. ಬೆಲೆ ಹೋಲಿಸುವಾಗ ಪೌಚ್‌ಗೆ ಎಷ್ಟು ಅಂತ ನೋಡಬೇಡಿ, ದಿನಕ್ಕೆ ಎಷ್ಟಾಗುತ್ತದೆ ಅಂತ ನೋಡಿ. ಅಗ್ಗ ಅಂದುಕೊಂಡ ಪೌಚ್ ತಿಂಗಳ ಕೊನೆಗೆ ದುಬಾರಿ ಆಗಿರುತ್ತದೆ. ತೀರಾ ಸೊರಗಿದ ಬೆಕ್ಕಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು. ದಪ್ಪ ಇದ್ದರೆ ತೂಕ ನಿಧಾನಕ್ಕೆ ಇಳಿಯಬೇಕು, ವಾರಕ್ಕೆ ಮೈತೂಕದ ಶೇಕಡಾ 1ರ ಆಸುಪಾಸು ಸಾಕು.

ಇನ್ಸುಲಿನ್ ದಿನಕ್ಕೆ ಎರಡು ಸಲ ಇದ್ದರೆ ಆ ಎರಡು ಹೊತ್ತಿಗೂ ಊಟ ಇರಲಿ. ಮೊದಲು ತಿನ್ನಲಿ, ತಿಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಇಂಜೆಕ್ಷನ್ ಕೊಡಿ. ತಿನ್ನದಿದ್ದರೆ ಇಂಜೆಕ್ಷನ್‌ಗೆ ಮೊದಲು ಡಾಕ್ಟರ್‌ಗೆ ಫೋನ್ ಮಾಡಿ.

ಹಳೆಯದರಿಂದ ಹೊಸದಕ್ಕೆ

ಒಂದೇ ದಿನದಲ್ಲಿ ಬದಲಿಸಬೇಡಿ. ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳಿ. ಮೊದಲು ಹಳೆಯದರ ಪಕ್ಕದಲ್ಲಿ ಒಂದು ಚಮಚ ಹೊಸದು, ಆಮೇಲೆ ಕಾಲು ಪಾಲು, ಅರ್ಧ, ಹೀಗೆ. ಈ ದಿನಗಳಲ್ಲಿ ಮನೆಯಲ್ಲೇ ಶುಗರ್ ನೋಡೋದನ್ನು ಕಲಿತರೆ ತುಂಬಾ ಒಳ್ಳೆಯದು. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆಯೋದನ್ನು ಡಾಕ್ಟರ್ ತೋರಿಸಿಕೊಡುತ್ತಾರೆ. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದನ್ನು ತಿಳಿದುಕೊಂಡೇ ಡಾಕ್ಟರ್‌ಗೆ ಅಂಕಿ ಹೇಳಿ.

ಕಾಳಿಗೆ ಒಗ್ಗಿಹೋದ ಬೆಕ್ಕು ಮೂಸಿ ನೋಡಿ ಹೊರಟು ಹೋಗುತ್ತದೆ. ಹಟ ಹಿಡಿದು ಉಪವಾಸ ಕೆಡವಬೇಡಿ. ಬೆಕ್ಕು ಒಂದೆರಡು ದಿನ ಪೂರ್ತಿ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಬೇರೆಯದೇ ಅಪಾಯ ಶುರುವಾಗುತ್ತದೆ. ಅದರ ಬದಲು ಪೌಚನ್ನು ಹಾಗೇ ಬಿಸಿನೀರಿನ ಪಾತ್ರೆಯಲ್ಲಿ ಕೆಲವು ನಿಮಿಷ ಇಡಿ. ಉಗುರುಬೆಚ್ಚಗಾದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನೋದು ವಾಸನೆ ಹಿಡಿದೇ. ಎರಡು ಕಾಳನ್ನು ಪುಡಿ ಮಾಡಿ ಮೇಲೆ ಉದುರಿಸಿದರೂ ಆಗುತ್ತದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಚಿಕನ್ ಒಂದು ಚೂರು ಮೇಲಿಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ, ಮನೆಯ ಸಾರಿನ ತುಂಡು ಕೊಡಲೇಬೇಡಿ. ಬರೀ ಬೇಯಿಸಿದ ಚಿಕನ್ ಮೇಲೆ ಬೆಕ್ಕನ್ನು ಸಾಕೋದೂ ಸರಿಯಲ್ಲ, ಕ್ಯಾಲ್ಸಿಯಂ ಸಿಗುವುದಿಲ್ಲ, ಟಾರಿನ್ ಬೆಂದ ನೀರಿಗೆ ಹೋಗಿಬಿಡುತ್ತದೆ.

ಬಿಸಿಲು, ಪಾರ್ಸೆಲ್, ಸ್ಟಾಕ್

ಏಪ್ರಿಲ್–ಮೇನಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಬಟ್ಟಲಿಗೆ ಹಾಕಿದ ವೆಟ್ ಫುಡ್ ಅರ್ಧ ಗಂಟೆಗಿಂತ ಹೆಚ್ಚು ಇಡಬೇಡಿ. ಸ್ವಲ್ಪ ಸ್ವಲ್ಪವೇ ಹಾಕಿ, ಉಳಿದರೆ ತೆಗೆದುಬಿಡಿ. ತೆರೆದ ಟಿನ್‌ನಲ್ಲಿ ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಕರೆಂಟ್ ತುಂಬಾ ಹೊತ್ತು ಹೋಗಿದ್ದರೆ ಆ ಉಳಿಕೆ ಬೇಡ. ತೆರೆಯದ ಪೌಚ್‌ಗಳನ್ನು ತಗಡಿನ ಕೋಣೆಯಲ್ಲಿ ಇಡಬೇಡಿ, ಮನೆಯಲ್ಲಿ ತಂಪಿರುವ ಕಡೆ ಇಡಿ.

ಯಾದಗಿರಿಯಲ್ಲೋ, ಶಹಾಪುರ, ಸುರಪುರದ ಕಡೆಯೋ ಇದ್ದರೆ ಬೇಕಾದ ಬಗೆ ಹತ್ತಿರದಲ್ಲಿ ಸಿಗದೆ ಆನ್‌ಲೈನ್ ಆರ್ಡರ್ ಮಾಡಬೇಕಾಗಬಹುದು, ಇಲ್ಲವೇ ಹೈದರಾಬಾದ್‌ಗೆ ಹೋಗುವವರ ಕೈಲಿ ತರಿಸಬೇಕಾಗಬಹುದು. ಪಾರ್ಸೆಲ್ ಬಂದ ಕೂಡಲೇ ಒಂದೊಂದೇ ಪೌಚ್ ಒತ್ತಿ ನೋಡಿ. ಉಬ್ಬಿದ್ದರೆ, ಅಂಚು ಸೋರುತ್ತಿದ್ದರೆ ಫೋಟೋ ತೆಗೆದು ವಾಪಸ್ ಮಾಡಿ, ಬೆಕ್ಕಿಗೆ ಹಾಕಬೇಡಿ. ಎಕ್ಸ್‌ಪೈರಿ ದಿನಾಂಕ ನೋಡಿ. ಮೊದಲ ಸಲ ಇಡೀ ಬಾಕ್ಸ್ ತರಿಸಬೇಡಿ, ಬೆಕ್ಕು ತಿನ್ನುತ್ತದಾ ಅಂತ ಎರಡು ಮೂರು ಪೌಚ್‌ನಲ್ಲಿ ನೋಡಿ. ಒಪ್ಪಿದ ಮೇಲೆ ಕನಿಷ್ಠ ಎರಡು ವಾರದ್ದು ಮನೆಯಲ್ಲಿರಲಿ. ಸ್ಟಾಕ್ ಮುಗಿದು ಮಧ್ಯದಲ್ಲಿ ಒಣ ಕಾಳಿಗೆ ಮರಳಿದರೆ ಶುಗರ್ ಏರುತ್ತದೆ, ಇನ್ಸುಲಿನ್ ಲೆಕ್ಕವೂ ತಪ್ಪುತ್ತದೆ. ಕಂಪನಿಯವರು ರೆಸಿಪಿ ಬದಲಿಸುವುದೂ ಉಂಟು, ಹೊಸ ಪ್ಯಾಕ್ ಬಂದಾಗಲೆಲ್ಲ ಲೇಬಲ್ ಇನ್ನೊಮ್ಮೆ ಓದಿ.

ಇನ್ಸುಲಿನ್ ನಿಂತ ಮೇಲೆ

ಡಾಕ್ಟರ್ ಡೋಸ್ ಇಳಿಸುತ್ತಾ ಬಂದು ಒಂದು ದಿನ ಇನ್ಸುಲಿನ್ ನಿಲ್ಲಿಸಿದರು ಅಂದುಕೊಳ್ಳಿ. ಆಹಾರ ಮಾತ್ರ ಇದೇ ಇರಬೇಕು, ಬೆಕ್ಕು ಇರುವವರೆಗೂ. ಶುಗರ್ ಮತ್ತೆ ಬರಬಹುದು. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ. ಮನೆಗೆ ಬಂದವರು ರೊಟ್ಟಿ, ಹಾಲು ಹಾಕದಂತೆ ಮೊದಲೇ ಹೇಳಿ. ಮುಂದೆ ಯಾವಾಗಲಾದರೂ ತುರಿಕೆಗೋ ಕೆಮ್ಮಿಗೋ ಬೇರೆ ಡಾಕ್ಟರ್ ಹತ್ತಿರ ಹೋದರೆ, ಹಿಂದೆ ಶುಗರ್ ಇತ್ತು ಅನ್ನೋದನ್ನು ಮೊದಲ ಮಾತಲ್ಲೇ ಹೇಳಿಬಿಡಿ. ಇಂಥ ಕಾಯಿಲೆಗಳಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಅದು ಶುಗರನ್ನು ವಾಪಸ್ ತರಬಲ್ಲದು, ಹಾಗಾಗಿ ಬೇರೆ ಔಷಧಿ ಆಗುತ್ತದಾ ಅಂತ ಕೇಳಿ.